ಕಾರ್ಟೂನಿನಲ್ಲಿ ಕಂಡದ್ದು

ನಮ್ಮ ದಾಂಡೇಲಿಯಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಟಿ.ವಿ. ಮುಂದಿನಿಂದ ಏಳುವುದಿಲ್ಲ. ಹೋದ ಮಳೆಗಾಲದಲ್ಲಿ ಹಳಿಯಾಳದಿಂದ ಬಂದಿದ್ದ ಅಕ್ಕನ ಮಗಳೂ ಹಾಗೆಯೇ ಕೂತಿದ್ದಳು. 'ಸ್ಕೂಬಿ-ಡೂ' ನಡೆದಿತ್ತು. ನಾಲ್ವರು ಹುಡುಗ ಹುಡುಗಿಯರೂ ಒಂದು ಪುಕ್ಕಲು ನಾಯಿಯೂ ದೆವ್ವದ ಬೆನ್ನು ಹತ್ತುವ ಹಳೆಯ ನಗೆ ಕಾರ್ಟೂನು ಅದು. "ಮೌಶಿ, ಈ ಚಾಳೀಸು ಹಾಕ್ಕೊಂಡ ವೆಲ್ಮಾಗ ಹುಡುಗ್ಯಾರಂದ್ರ ಇಷ್ಟ, ಗೊತ್ತೇನು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವರು, "ಶೀ! ಮಕ್ಕಳ ಕಾರ್ಟೂನಿನ್ಯಾಗೂ ಅದನ್ನ ಹುಡುಕತಾರಲ್ರೀ ವೈನಿ! ನೋಡೋರ ಕಣ್ಣಾಗ ಹೊಲಸು" ಎಂದರು.

ಆ 'ಹೊಲಸು' ಎಂಬ ಮಾತಿನ ಮೇಲೆಯೇ ನನ್ನ ಜಗಳ.

1969ರಲ್ಲಿ ಅಮೆರಿಕದಲ್ಲಿ ಶುರುವಾದ ಆ ಕಾರ್ಟೂನನ್ನು ನೀವೂ ನೋಡಿರಬಹುದು. ಫ್ರೆಡ್‌ಗೆ ಡ್ಯಾಫ್ನಿ ಜೋಡಿ ಎಂದು ನಾವೆಲ್ಲ ತೀರ್ಮಾನಿಸಿದೆವಲ್ಲ, ಆ ಹಳೆಯ ಕಂತುಗಳಲ್ಲಿ ಅವರು ಹಾಗೆಂದು ಬಾಯಿಬಿಟ್ಟು ಹೇಳಿದ್ದರೇ? ಚೆಂದದ ಹುಡುಗ, ಚೆಂದದ ಹುಡುಗಿ. ಉಳಿದದ್ದನ್ನು ನಾವೇ ತುಂಬಿಕೊಂಡೆವು. ಆಗ ನಮ್ಮ ಕಣ್ಣಿನಲ್ಲಿ ಹೊಲಸಿರಲಿಲ್ಲವೇ? ಹೇಳದೆ ಬಿಟ್ಟದ್ದನ್ನು ಓದುವುದು ಹೆಂಗಸರಿಗೆ ಹೊಸ ವಿದ್ಯೆಯೂ ಅಲ್ಲ. ಅತ್ತೆಯ ಮೌನ, ಗಂಡನ ಕೆಮ್ಮು, ಎಲ್ಲವನ್ನೂ ಓದಿಯೇ ಸಂಸಾರ ಮಾಡಿದವರು ನಾವು. ಹಾಗೆಯೇ ಎಷ್ಟೋ ಹುಡುಗಿಯರು ವೆಲ್ಮಾಳನ್ನು ಓದಿಕೊಂಡರು. 2022ರ 'ಟ್ರಿಕ್ ಆರ್ ಟ್ರೀಟ್ ಸ್ಕೂಬಿ-ಡೂ!' ಚಿತ್ರದಲ್ಲಿ ವೆಲ್ಮಾ ಇನ್ನೊಬ್ಬ ಹೆಣ್ಣಿಗೆ ಮನಸೋತದ್ದನ್ನು ತಯಾರಿಸಿದವರೇ ಬಿಚ್ಚಿ ತೋರಿಸಿದರು.

ಇಬ್ಬರು ಜೊತೆಗಿದ್ದಲ್ಲೆಲ್ಲ ಪ್ರೇಮವಿದೆಯೆಂದು ನಾನು ಹೇಳುವುದಿಲ್ಲ. ಯೋಗಿ ಕರಡಿಯೂ ಬೂ-ಬೂವೂ ಬರೀ ಗೆಳೆಯರಿರಬಹುದು. ಆದರೆ ಬಗ್ಸ್ ಬನ್ನಿ ಮೊಲ ಹೆಣ್ಣುವೇಷ ತೊಟ್ಟು ಬೇಟೆಗಾರನನ್ನು ಮರುಳು ಮಾಡಿದರೆ ಬಿದ್ದು ಬಿದ್ದು ನಗುತ್ತೇವೆ. ಯಕ್ಷಗಾನದ 'ಭಸ್ಮಾಸುರ ಮೋಹಿನಿ'ಯಲ್ಲಿ ಗಂಡಸಿನ ಸ್ತ್ರೀವೇಷ ನೋಡಿ, ಹೆಣ್ಣಿಗೂ ಇಷ್ಟು ಚೆಲುವಿಲ್ಲವೆಂದು ತಲೆದೂಗುತ್ತೇವೆ. ನಗುವಿಗೆ ಒಪ್ಪಿಗೆ, ವೇಷಕ್ಕೆ ಒಪ್ಪಿಗೆ. ಮನಸ್ಸಿನ ಮಾತು ಬಂದೊಡನೆ ಮೂಗು ಮುಚ್ಚಿಕೊಳ್ಳುವುದು ಯಾವ ನ್ಯಾಯ?

ಪ್ರಾಯಕ್ಕೆ ಬಂದವರು ಪರಸ್ಪರ ಒಪ್ಪಿ ಹೀಗೆ ಕೂಡಿದರೆ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ. ಅದಿರಲಿ, ಕೋರ್ಟು ನಮ್ಮ ಪಡಸಾಲೆಯ ತನಕ ಬರುವುದಿಲ್ಲ. ಜೋಯಿಡಾದ ಕಾಡಂಚಿನಲ್ಲೋ ಮುಂಡಗೋಡದ ಪೇಟೆಯಲ್ಲೋ ಇರುವ ಹುಡುಗಿ ತನ್ನಂಥವಳನ್ನು ಎಲ್ಲಿ ನೋಡಬೇಕು? ಮದುವೆಮನೆಯಲ್ಲಿ ಕಾಣಳು, ಪಾಠದ ಪುಸ್ತಕದಲ್ಲಿ ಕಾಣಳು. ಕಾರ್ಟೂನಿನಲ್ಲಿ ಕಂಡರೆ ಅದನ್ನೂ ಕಸಿದುಕೊಳ್ಳಬೇಕೇ? ಅವಳು ಕಂಡದ್ದು ಹೊಲಸೆಂದರೆ ಅವಳೇ ಹೊಲಸೆಂದ ಹಾಗಲ್ಲವೇ?

ಅಂದು ಪಕ್ಕದ ಮನೆಯವರು ಎದ್ದು ಹೋದ ಮೇಲೆ ನೋಡುತ್ತೇನೆ, ಹುಡುಗಿ ಟಿ.ವಿ. ಆರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಏಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ಏಳವ್ವಾ, ಇನ್ನೊಂದು ಕಂತು ಹಚ್ಚು. ನಾನೂ ನೋಡತೇನಿ" ಎಂದೆ.

ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.