ಕ್ಯಾಮರಾಕ್ಕೊಂದು ಹೆಗಲಚೀಲ

ಕ್ಯಾಮರಾ ಕೊಳ್ಳಬೇಕೆಂದಿರುವ ವಿದ್ಯಾರ್ಥಿಯು ಮಸೂರಗಳ ಗುಣಾವಗುಣಗಳನ್ನು ಕುರಿತು ತಿಂಗಳುಗಟ್ಟಲೆ ವಿಚಾರಿಸುತ್ತಾನೆ. ಅದನ್ನು ಹೊರತಕ್ಕ ಚೀಲವನ್ನಾದರೋ ಅಂಗಡಿಯಲ್ಲಿ ನಿಂತ ನಿಲುವಿನಲ್ಲಿಯೇ ಆರಿಸಿಬಿಡುತ್ತಾನೆ. ಅದೂ ಸಾಮಾನ್ಯವಾಗಿ, ಇರುವುದರಲ್ಲೆಲ್ಲ ದೊಡ್ಡದನ್ನು. ಮುಂದೆ ಕೊಳ್ಳಲಿರುವ ಮಸೂರಗಳಿಗೂ ಸ್ಥಳವಿರಲೆಂಬುದು ಅವನ ದೂರದೃಷ್ಟಿ. ಈ ದೂರದೃಷ್ಟಿಯು ತಪ್ಪೆಂದೂ, ನಮ್ಮ ನಾಡಿನಲ್ಲಿ ಚೀಲವನ್ನು ಆರಿಸುವವರು ಮೊದಲು ಯೋಚಿಸಬೇಕಾದದ್ದು ತಮ್ಮ ಹೆಗಲನ್ನೂ ನಮ್ಮ ಮಳೆಗಾಲವನ್ನೂ ಕುರಿತೆಂದೂ ನನ್ನ ಅಭಿಪ್ರಾಯ.

ಕ್ಯಾಮರಾವು ಕಿರಿದಾದದ್ದೇ ಭಾರ ಹೊರಲಾರದವನೊಬ್ಬನ ಕಷ್ಟದಿಂದ. ಜರ್ಮನಿಯ ವೆಟ್ಸ್‌ಲಾರ್ ನಗರದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕನು ಉಬ್ಬಸದ ರೋಗಿ. ಗಾಜಿನ ಫಲಕಗಳ ದೊಡ್ಡ ಕ್ಯಾಮರಾವನ್ನು ಹೊತ್ತು ತಿರುಗುವುದು ಅವನಿಗೆ ಅಸಾಧ್ಯವಾಯಿತು. ಆದುದರಿಂದ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮರಾವೊಂದನ್ನು 1914ರ ಹೊತ್ತಿಗೆ ರಚಿಸಿದನು. ಆ ಮಾದರಿಯಿಂದ ಬೆಳೆದ ಕ್ಯಾಮರಾವೇ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಅವನು ಇಳಿಸಿದ ಭಾರವನ್ನು ನಾವು ಚೀಲದ ಮೂಲಕ ಮತ್ತೆ ಹೇರಿಕೊಳ್ಳುತ್ತಿದ್ದೇವೆ.

ದೊಡ್ಡ ಚೀಲಕ್ಕೆ ಒಂದು ಸ್ವಭಾವವುಂಟು: ಅದು ಖಾಲಿಯಿರಲು ಒಪ್ಪುವುದಿಲ್ಲ. ಬೇಕಾದ ಮಸೂರವೊಂದರ ಜೊತೆಗೆ ಬೇಡವಾದವು ಎರಡು, ನೀರಿನ ಸೀಸೆ, ಪುಸ್ತಕ, ಹೀಗೆ 4 ಕಿಲೋಗ್ರಾಂ ಆಗಲು ಹೊತ್ತು ಹಿಡಿಯದು. ಈ ತೂಕವು ಬೆನ್ನೆಲುಬಿನಿಂದ 20 ಸೆಂಟಿಮೀಟರ್ ದೂರದಲ್ಲಿ ಒಂದೇ ಮಗ್ಗುಲಿಗೆ ಜೋತುಬಿದ್ದಿದೆಯೆಂದು ಭಾವಿಸೋಣ. ಅದನ್ನು ಸರಿದೂಗಿಸತಕ್ಕ ಸ್ನಾಯುಗಳು ಇನ್ನೊಂದು ಮಗ್ಗುಲಲ್ಲಿ, ಬೆನ್ನೆಲುಬಿನಿಂದ 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆಯೆಂದು ಇಟ್ಟುಕೊಂಡರೆ, ಸನ್ನೆಕೋಲಿನ ನಿಯಮದಂತೆ ಅವು 16 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಹಾಕಬೇಕಾಗುತ್ತದೆ. ಇಲ್ಲವೆ ನಾವು ಮೈಯನ್ನು ಒಂದು ಕಡೆಗೆ ವಾಲಿಸಿಕೊಂಡು ನಡೆಯಬೇಕು. ಅಗಲವಾದ ಪಟ್ಟಿ ಇದ್ದರೆ ಸಾಕೆನ್ನುವವರುಂಟು. ಪಟ್ಟಿಯ ಅಗಲವು ಇಮ್ಮಡಿಯಾದರೆ ಹೆಗಲಿನ ಮೇಲಣ ಒತ್ತಡವು ಅರ್ಧಕ್ಕೆ ಇಳಿಯುವುದು ನಿಜ. ಅದೇ ತೂಕವು ಎರಡರಷ್ಟು ವಿಸ್ತೀರ್ಣದ ಮೇಲೆ ಹರಡುತ್ತದೆ. ಆದರೆ ಸ್ನಾಯುಗಳ ಆ 16 ಕಿಲೋಗ್ರಾಮನ್ನು ಅಗಲವಾದ ಪಟ್ಟಿಯು ಕೂದಲೆಳೆಯಷ್ಟೂ ಕಡಮೆ ಮಾಡಲಾರದು. ಪಟ್ಟಿಯನ್ನು ಎದೆಗೆ ಅಡ್ಡಲಾಗಿ, ಎದುರು ಹೆಗಲಿನ ಮೇಲಿಂದ ಹಾಕಿಕೊಂಡರೆ ಚೀಲವು ಜಾರದು. ಅದನ್ನು ಹಿಡಿದಿಡಲು ಹೆಗಲನ್ನು ಎತ್ತಿಕೊಂಡು ನಡೆಯುವ ಶ್ರಮವಾದರೂ ತಪ್ಪುತ್ತದೆ. ಮೂರು ಕಿಲೋಗ್ರಾಮಿಗಿಂತ ಹೆಚ್ಚನ್ನು ದಿನವೆಲ್ಲ ಹೊರಲೇಬೇಕಾದವರು ಹೆಗಲಚೀಲದ ಆಸೆಯನ್ನೇ ಬಿಟ್ಟು ಎರಡು ಪಟ್ಟಿಗಳ ಬೆನ್ನುಚೀಲವನ್ನು ಕೊಳ್ಳಲಿ. ತಟ್ಟನೆ ಕೈಗೆ ಸಿಕ್ಕುವುದು ಹೆಗಲಚೀಲದ ಹೆಚ್ಚಳ. ಆ ಹೆಚ್ಚಳವು ಚೀಲ ಹಗುರವಾಗಿರುವವರೆಗೆ ಮಾತ್ರ.

ಒಳಗಿನ ಮೆತ್ತೆಯ ವಿಷಯ. ಒಂದು ಮೀಟರ್ ಎತ್ತರದಿಂದ ಬಿದ್ದ ಕ್ಯಾಮರಾವು 2 ಮಿಲಿಮೀಟರಿನೊಳಗೆ ನಿಂತರೆ ಅದರ ವೇಗವನ್ನು ತಡೆಯುವ ಸರಾಸರಿ ಬಲವು ಅದರ ತೂಕದ ಸುಮಾರು 500 ಪಾಲು. ಫೋಮಿನ ದೆಸೆಯಿಂದ 2 ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 50 ಪಾಲು. ಆದರೆ ಬೆರಳಿನಿಂದ ಒತ್ತಿದೊಡನೆ ತಳ ಮುಟ್ಟುವ ಮೆತ್ತೆಯು ಇದ್ದೂ ಇಲ್ಲದಂತೆಯೇ. ಗಾತ್ರಕ್ಕಿಂತ ಈ ಬಿಗಿಯನ್ನು ಪರೀಕ್ಷಿಸಿರಿ.

ಇಷ್ಟಾದರೂ, ನಮ್ಮಲ್ಲಿ ಬಿದ್ದು ಒಡೆದ ಕ್ಯಾಮರಾಗಳಿಗಿಂತ ಚೀಲದೊಳಗೆ ಸದ್ದಿಲ್ಲದೆ ಕೆಟ್ಟವೇ ಹೆಚ್ಚೆಂದು ನನಗೆ ತೋರುತ್ತದೆ. ಸಾಪೇಕ್ಷ ಆರ್ದ್ರತೆಯು ಶೇಕಡಾ 70ನ್ನು ಮೀರಿ ಬಹುದಿನ ನಿಂತರೆ ಮಸೂರದ ಮೇಲೆ ಬೂಷ್ಟು ಚಿಗುರುವುದು. ಅದಕ್ಕೆ ಬೇಕಾದ ಆಹಾರ ಅತ್ಯಲ್ಪ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು, ಇಷ್ಟೇ ಸಾಕು. ಅದರ ಜೇಡನೂಲಿನಂಥ ಎಳೆಗಳು ಸ್ರವಿಸುವ ಆಮ್ಲವು ಗಾಜಿನ ಲೇಪವನ್ನು ಕೊರೆದರೆ, ಬೂಷ್ಟನ್ನು ಒರೆಸಿದರೂ ಕಲೆಯು ಉಳಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆಯವರಿಗೂ ಕರಾವಳಿಯವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಅವರ ಪೆಟ್ಟಿಗೆಯ ಪುಸ್ತಕಗಳೂ ಚಪ್ಪಲಿಗಳೂ ಅದನ್ನು ಕಲಿಸಿರುತ್ತವೆ. ನಾನು ಕಲಿತದ್ದು ತಡವಾಗಿ. ಜೂನ್ ತಿಂಗಳಲ್ಲಿ ಮಲೆನಾಡಿನಿಂದ ಹಿಂದಿರುಗಿ, ದಪ್ಪ ಮೆತ್ತೆಯ ಚೀಲದಲ್ಲಿ ಕ್ಯಾಮರಾವನ್ನು ಭದ್ರವಾಗಿ ಮುಚ್ಚಿಟ್ಟು, ಅಕ್ಟೋಬರಿನಲ್ಲಿ ತೆರೆದೆನು. ಒಳ್ಳೆಯ ಮಸೂರವೊಂದರ ಒಳಗೆ ಬಿಳಿಯ ಜಾಲ ಹಬ್ಬಿದ್ದಿತು. ಭದ್ರತೆಗಾಗಿ ಕೊಂಡ ಮೆತ್ತೆಯೇ ಮಳೆಯ ತೇವವನ್ನು ಹೀರಿ ನಾಲ್ಕು ತಿಂಗಳು ಕಾಪಾಡಿಕೊಂಡಿತ್ತು.

ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟರೆ ಆಗದೆ ಎಂದು ಕೇಳಬಹುದು. ಬಟ್ಟೆಯೂ ಜಿಪ್ಪೂ ನೀರಾವಿಯನ್ನು ತಡೆಯಲಾರವು. ಹೊರಗಿನ ತೇವವು ಒಳಗೆ ನುಸುಳುತ್ತಲೇ ಇರುವುದರಿಂದ ಸಣ್ಣ ಪೊಟ್ಟಣವು ಬೇಗನೆ ತುಂಬಿ ನಿಷ್ಪ್ರಯೋಜಕವಾಗುತ್ತದೆ. ಜೆಲ್ಲಿನ ಸ್ಥಾನ ಮನೆಯಲ್ಲಿನ ಬಿಗಿಮುಚ್ಚಳದ ಡಬ್ಬ. ಅಲ್ಲಿ ಆರ್ದ್ರತೆಯನ್ನು ಶೇಕಡಾ 40ರಿಂದ 50ರ ನಡುವೆ ಇಡುವುದು ಸುಲಭ. ಹರಳುಗಳ ಬಣ್ಣ ಬದಲಾದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದರೆ ಅವು ಮತ್ತೆ ಬಳಕೆಗೆ ಬರುತ್ತವೆ. ಆದುದರಿಂದ ಚೀಲವು ಪ್ರಯಾಣಕ್ಕೆ ಮಾತ್ರ, ವಾಸಕ್ಕಲ್ಲ. ಮೆತ್ತೆಯ ಅಂಕಣಗಳನ್ನು ಪೂರ್ತಿಯಾಗಿ ಕಳಚಿ ಬಿಸಿಲಿಗೆ ಹಾಕಲು ಬರುವಂಥದು ಒಳ್ಳೆಯದು. ಹೊಲಿದು ಕೂರಿಸಿದ್ದು, ಎಷ್ಟೇ ಚೆಲುವಾಗಿರಲಿ, ನಮ್ಮ ಹವೆಗೆ ಒಗ್ಗದು. ದಪ್ಪ ಮೆತ್ತೆಯಿಂದ ಒಂದು ಉಪಕಾರವಂತೂ ಇದೆ: ಹವಾನಿಯಂತ್ರಿತ ಕೊಠಡಿಯಿಂದ ಹೊರಗೆ ಬಂದಾಗ ಚೀಲವನ್ನು ಅರ್ಧ ಗಂಟೆ ತೆರೆಯದಿದ್ದರೆ ಕ್ಯಾಮರಾವು ನಿಧಾನವಾಗಿ ಬೆಚ್ಚಗಾಗಿ, ಗಾಜಿನ ಮೇಲೆ ಇಬ್ಬನಿ ಕಟ್ಟದು.

ಬಟ್ಟೆಯ ವಿಷಯದಲ್ಲಿ ನನ್ನ ಒಲವು ಬಿಗಿನೆಯ್ಗೆಯ ಸಾದಾ ಕ್ಯಾನ್‌ವಾಸಿನ ಕಡೆಗೆ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಸಂಸ್ಥೆಯು 1973ರಲ್ಲಿ ಆರಂಭವಾದಾಗ ತಯಾರಿಸುತ್ತಿದ್ದುದು ಮೀನಿಗೆ ಗಾಳ ಹಾಕುವವರ ಚೀಲಗಳನ್ನು. ನ್ಯೂಯಾರ್ಕಿನ ಛಾಯಾಗ್ರಾಹಕರು ಅವನ್ನು ಕೊಂಡು ಕ್ಯಾಮರಾಗಳನ್ನು ತುಂಬಿಕೊಳ್ಳುತ್ತಿರುವುದು ತಿಳಿದ ಮೇಲೆಯೇ ಅದು ಕ್ಯಾಮರಾ ಚೀಲಗಳತ್ತ ತಿರುಗಿತು. ದುಬಾರಿ ಚೀಲಕ್ಕೆ ಹಣವಿಲ್ಲದವರು ಒಳ್ಳೆಯ ಕ್ಯಾನ್‌ವಾಸ್ ಚೀಲಕ್ಕೆ ತಕ್ಕ ಮೆತ್ತೆಯನ್ನು ತಾವೇ ಕತ್ತರಿಸಿ ಹಾಕಿಕೊಳ್ಳಬಹುದು. ಒಳಗೆ ಬೆಲೆಬಾಳುವುದಿದೆಯೆಂದು ಸಾರದಿರುವುದು ಬಸ್ಸಿನ ನೂಕುನುಗ್ಗಲಿನಲ್ಲಿ ಒಂದು ಲಾಭವೇ. ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮರಾವನ್ನೇ ಕೊಂಡೊಯ್ಯಿರಿ. ಚೀಲದಲ್ಲಿ ಅದನ್ನಿಟ್ಟು, ಹೆಗಲಿಗೆ ಹಾಕಿ, ಅಂಗಡಿಯಾತನು ಬೇಸರಪಟ್ಟರೂ ಹತ್ತು ನಿಮಿಷ ಅತ್ತಿತ್ತ ನಡೆದು, ಒಂದೇ ಕೈಯಿಂದ ಮುಚ್ಚಳವನ್ನು ತೆರೆದು ಕ್ಯಾಮರಾವನ್ನು ಹೊರಗೆ ತೆಗೆಯಲು ಬರುವುದೋ ಎಂದು ನೋಡಿರಿ.