18 ವರ್ಷ ಕಾದವರಿಗೆ ಅಡುಗೆಮನೆ ತೋರಿಸಿದ ಕಾದಂಬರಿ

ಕಳೆದ ತಿಂಗಳು ಪುಣೆಯ ನಮ್ಮ ಓದುಗರ ಕೂಟದಲ್ಲಿ ಒಂದು ಸಣ್ಣ ಜಗಳವಾಯಿತು. ನಾವು ಎಂಟು ಹತ್ತು ಜನ ಕನ್ನಡಿಗರು, ತಿಂಗಳಿಗೊಮ್ಮೆ ಯಾರದಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಪುಸ್ತಕ ಯಾವ ಭಾಷೆಯದ್ದಾದರೂ ಮಾತು ಕನ್ನಡದಲ್ಲೇ ಇರಬೇಕು ಎಂಬುದೊಂದೇ ನಿಯಮ. ಈ ಸಲದ ಪುಸ್ತಕ ಉರ್ಸುಲಾ ಲೆ ಗ್ವಿನ್ ಅವರ ‘ತೆಹಾನು’, ಅರ್ತ್‌ಸೀ ಸರಣಿಯ ನಾಲ್ಕನೆಯದು. ಚಹಾ ಬರುವ ಮೊದಲೇ ತೀರ್ಪು ಬಂತು. ‘ಹದಿನೆಂಟು ವರ್ಷ ಕಾಯಿಸಿ ಕೊಟ್ಟಿದ್ದು ಇದನ್ನಾ? ಮೇಕೆ ಕಾಯೋದು, ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು! ಮಂತ್ರವಾದಿ ಎಲ್ಲಿ ಹೋದ?’

ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಆದರೆ ಅಂದು ಸರಿಯಾಗಿ ಉತ್ತರ ಕೊಡಲೂ ಆಗಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ವಾದ ಮಾಡಲು ಸಾಧ್ಯವಿಲ್ಲ, ಹಾಗಾಗಿ ಪುಸ್ತಕ ಓದದವರು ಮೊದಲು ಓದಿ ಬಂದರೂ ಬೇಸರವಿಲ್ಲ.

ನನ್ನ ವಾದ ಇಷ್ಟು. ‘ಮುಂದಿನ ಭಾಗ ನಮ್ಮ ನಿರೀಕ್ಷೆ ಮುಟ್ಟಿತೇ’ ಎಂದು ಕೇಳುವಾಗ ನಾವು ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಒಂದು, ಹಿಂದಿನ ಪುಸ್ತಕ ತಾನೇ ಕೊಟ್ಟ ಮಾತು. ಇನ್ನೊಂದು, ಕಾಯುತ್ತಾ ಕೂತಾಗ ನಾವು ನಮ್ಮಷ್ಟಕ್ಕೆ ಕಟ್ಟಿಕೊಂಡ ಆಸೆ. ಮೊದಲನೆಯದು ಸಾಲ, ಲೇಖಕರು ತೀರಿಸಲೇಬೇಕು. ಎರಡನೆಯದಕ್ಕೆ ಅವರು ಸಹಿ ಹಾಕಿಯೇ ಇಲ್ಲ. ‘ತೆಹಾನು’ ನಮ್ಮ ಆಸೆಯನ್ನು ಒಡೆಯಿತು, ಸಾಲವನ್ನು ತೀರಿಸಿತು. ಅದರ ಮೇಲಿನ ಕೋಪವೆಲ್ಲ ಈ ಎರಡನ್ನು ಒಂದೆಂದು ಎಣಿಸಿದ್ದರಿಂದ ಬಂದದ್ದು.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮೊದಲ ಪುಸ್ತಕ ಬಂದದ್ದು 1968ರಲ್ಲಿ. ಗಾಂಟ್ ಎಂಬ ದ್ವೀಪದ ಮೇಕೆ ಕಾಯುವ ಹುಡುಗ ಗೆಡ್, ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಗೆ ಹೋಗುತ್ತಾನೆ, ಸೊಕ್ಕಿನಲ್ಲಿ ಒಂದು ನೆರಳನ್ನು ಬಿಟ್ಟುಕೊಳ್ಳುತ್ತಾನೆ, ಕೊನೆಗೆ ಅದನ್ನೇ ಎದುರಿಸುತ್ತಾನೆ. 1971ರ ಎರಡನೆಯ ಪುಸ್ತಕದಲ್ಲಿ ಕಥೆ ಟೆನಾರ್ ಎಂಬ ಹುಡುಗಿಯದು. ಪುಟ್ಟ ಮಗುವಾಗಿದ್ದಾಗಲೇ ಮನೆಯಿಂದ ಕಿತ್ತು ತಂದು, ಹೆಸರನ್ನೂ ಕಸಿದು, ಕತ್ತಲ ಗೋರಿಗಳ ಪೂಜಾರಿಣಿಯನ್ನಾಗಿ ಮಾಡಿದ ಹುಡುಗಿ. ಗೆಡ್ ಮತ್ತು ಅವಳು ಒಬ್ಬರನ್ನೊಬ್ಬರು ಅಲ್ಲಿಂದ ಬಿಡಿಸಿಕೊಂಡು ಹೊರಬರುತ್ತಾರೆ. 1972ರ ಮೂರನೆಯ ಪುಸ್ತಕದಲ್ಲಿ ಗೆಡ್ ಮಹಾಮಂತ್ರವಾದಿ. ಬದುಕು ಸಾವುಗಳ ನಡುವೆ ಬಿದ್ದ ಬಿರುಕನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಸುರಿದು ಬರಿಗೈಯಾಗುತ್ತಾನೆ. ಕಲೆಸ್ಸಿನ್ ಎಂಬ ಡ್ರ್ಯಾಗನ್ ಅವನನ್ನು ಬೆನ್ನ ಮೇಲೆ ಹೊತ್ತು ಹಾರುತ್ತದೆ. ಅಲ್ಲಿಗೆ ತ್ರಿವಳಿ ಮುಗಿಯಿತು ಎಂದು ಜಗತ್ತೆಲ್ಲ ಅಂದುಕೊಂಡಿತು.

ನಾಲ್ಕನೆಯದು ಬಂದದ್ದು 1990ರಲ್ಲಿ. ಮೂರನೆಯದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಓದಿದ ಹುಡುಗನಿಗೆ ಆಗ ಮೂವತ್ತು. ಲೆ ಗ್ವಿನ್ ಅವರಿಗೆ ಸುಮಾರು ಅರವತ್ತು. ಪುಸ್ತಕ ತೆರೆದರೆ ಟೆನಾರ್ ನಡುವಯಸ್ಸಿನ ವಿಧವೆ. ರೈತನೊಬ್ಬನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಬೆಳೆಸಿ, ಹೊಲಮನೆ ನೋಡಿಕೊಂಡಿದ್ದಾಳೆ. ಸ್ವಂತದವರೇ ಕೆಡಿಸಿ, ಹೊಡೆದು, ಬೆಂಕಿಗೆ ತಳ್ಳಿದ ಒಂದು ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಗೆಡ್ ಬರುತ್ತಾನೆ, ಡ್ರ್ಯಾಗನ್ ಬೆನ್ನ ಮೇಲೇ ಬರುತ್ತಾನೆ, ಆದರೆ ಜ್ವರ ಹಿಡಿದ ರೋಗಿಯಂತೆ. ಮಂತ್ರ ಹೋಗಿದೆ. ರಾಜನ ಕಡೆಯವರು ಹುಡುಕಿ ಬಂದರೆ ಅವಿತುಕೊಳ್ಳುತ್ತಾನೆ. ಬೆಟ್ಟ ಹತ್ತಿ ಮತ್ತೆ ಮೇಕೆ ಕಾಯುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಹಿಡಿಯುವ ಆಯುಧವೆಂದರೆ ಹುಲ್ಲೆತ್ತುವ ಕವೆಗೋಲು.

ಈಗ ಆರೋಪಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ನಾಯಕನನ್ನು ಕುಗ್ಗಿಸಿದರು. ಹಾಗಾದರೆ ಮೂರನೆಯ ಪುಸ್ತಕದ ಕೊನೆಯನ್ನು ಮತ್ತೊಮ್ಮೆ ಓದಿ. ಶಕ್ತಿ ಮುಗಿಯಿತು ಎಂದು ಅಲ್ಲೇ ಬರೆದಿದೆ. ಅವನ ಕೆಲಸಗಳು ಮುಗಿದವು, ಇನ್ನು ಅವನು ಮನೆಗೆ ಹೋಗುತ್ತಾನೆ ಎಂಬ ಅರ್ಥದ ಮಾತನ್ನು ರೋಕ್‌ನ ದ್ವಾರಪಾಲಕನ ಬಾಯಲ್ಲೇ ಹೇಳಿಸಿದೆ. ಗೆಡ್ ಪಟ್ಟಾಭಿಷೇಕಕ್ಕೆ ಬಂದು ದೋಣಿಯಲ್ಲಿ ಪಶ್ಚಿಮಕ್ಕೆ ಹೊರಟುಹೋದ ಎಂಬುದು ಒಂದು ಹಾಡಿನ ಕಥೆ. ಬರಲೇ ಇಲ್ಲ, ಗಾಂಟ್ ಬೆಟ್ಟದ ಕಾಡು ಸೇರಿದ ಎಂಬುದು ಊರವರ ಕಥೆ. 1972ರಲ್ಲೇ ಲೇಖಕಿ ಎರಡನ್ನೂ ನಮ್ಮ ಮುಂದಿಟ್ಟಿದ್ದರು. ನಾವು ದೋಣಿಯ ಕಥೆಯನ್ನು ಆರಿಸಿಕೊಂಡೆವು, ಅದು ಚೆನ್ನಾಗಿತ್ತು. ಅವರು 18 ವರ್ಷದ ಮೇಲೆ ಊರವರ ಕಥೆಯನ್ನು ಮುಂದುವರಿಸಿದರು. ಇದರಲ್ಲಿ ಮೋಸ ಎಲ್ಲಿದೆ? ತ್ಯಾಗ ಎಂದರೆ ಕಳೆದುಕೊಳ್ಳುವುದು. ಕಳೆದುಕೊಂಡದ್ದು ಮುಂದಿನ ಭಾಗದಲ್ಲಿ ಬಡ್ಡಿ ಸಮೇತ ವಾಪಸ್ ಬರುವುದಾದರೆ ಅದು ತ್ಯಾಗವಲ್ಲ, ಫಿಕ್ಸೆಡ್ ಡಿಪಾಸಿಟ್.

ಎರಡನೆಯದು: ಕಥೆ ಬಿಟ್ಟು ಸ್ತ್ರೀವಾದದ ಭಾಷಣಕ್ಕಿಳಿದರು. ನಮ್ಮ ಕೂಟದಲ್ಲಿ ಅತಿ ಜೋರಾಗಿ ಕೇಳಿದ್ದು ಇದೇ. ನನ್ನ ಪ್ರಶ್ನೆ ಬೇರೆ: ಎರಡನೆಯ ಪುಸ್ತಕ ಮುಗಿಯುವಾಗ ಟೆನಾರ್ ಹೊಸ ಊರಿನ ಬಂದರಿಗೆ ಇಳಿಯುತ್ತಾಳೆ. ಬಿಡುಗಡೆಯಾಯಿತು. ಆಮೇಲೆ? ಬಿಡುಗಡೆಯಾದ ಹೆಣ್ಣು ಆ ಬಿಡುಗಡೆಯಲ್ಲಿ ಏನು ಮಾಡುತ್ತಾಳೆ? ಮೂರನೆಯ ಪುಸ್ತಕದಲ್ಲಿ ಅವಳು ಪಾತ್ರವಾಗಿ ಬರುವುದೇ ಇಲ್ಲ. ರೋಕ್‌ನ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಹೆಂಗಸರ ಮಾಟವನ್ನು ಹೀಗಳೆಯುವ ಗಾದೆಯೊಂದು ಮೊದಲ ಪುಸ್ತಕದಲ್ಲೇ ಇದೆ, ಅದು ಯಾಕೆ ಹಾಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇವೆಲ್ಲ ಸರಣಿಯಲ್ಲಿ ಬಿಟ್ಟುಹೋದ ತುದಿಗಳು. ಗೆಡ್ ಮತ್ತೆ ಡ್ರ್ಯಾಗನ್ ಪಳಗಿಸುವುದನ್ನು ಕಾಯುತ್ತಿದ್ದವರು ಸಾವಿರಾರು ಇದ್ದಿರಬೇಕು. ಟೆನಾರ್‌ಗೆ ಏನಾಯಿತು ಎಂದು ಕಾಯುತ್ತಿದ್ದವರು ಎಷ್ಟು ಜನವೋ. ಆದರೆ ನಿಜವಾದ ಸಾಲ ಬಾಕಿ ಇದ್ದದ್ದು ಅವಳಿಗೆ. ಯಾರೂ ಕೇಳದ ಸಾಲವನ್ನು ಹುಡುಕಿಕೊಂಡು ಹೋಗಿ ತೀರಿಸುವುದನ್ನು ಭಾಷಣ ಎನ್ನುವುದಾದರೆ, ನನಗೆ ಇನ್ನಷ್ಟು ಭಾಷಣ ಬೇಕು.

ಅಷ್ಟಕ್ಕೂ ಭಾಷಣ ಎಲ್ಲಿದೆ? ಟೆನಾರ್‌ಳ ಮಗ ಸಮುದ್ರದಿಂದ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ತಟ್ಟೆ ಅಲ್ಲೇ ಬಿಟ್ಟು ಏಳುತ್ತಾನೆ. ಎತ್ತಿಡು ಎಂದರೆ ಅದು ಹೆಂಗಸರ ಕೆಲಸ ಎನ್ನುತ್ತಾನೆ. ಒಂದು ಕಾಲದ ಮಹಾಮಂತ್ರವಾದಿ ಎದ್ದು ತಟ್ಟೆ ಎತ್ತುತ್ತಾನೆ. ಇಷ್ಟೇ ದೃಶ್ಯ. ಇದರಲ್ಲಿ ಭಾಷಣ ಕೇಳಿಸಿದರೆ ಅದು ಪುಸ್ತಕದಿಂದ ಬಂದದ್ದಲ್ಲ, ನಮ್ಮ ನಮ್ಮ ಊಟದ ಮೇಜಿನಿಂದ ಬಂದದ್ದು.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಈ ಪುಸ್ತಕವನ್ನು ನಾನು ಮೊದಲು ಓದಿದ್ದು ಇಪ್ಪತ್ತೆರಡರಲ್ಲಿ, ಮುಂಬೈಯ ಲೋಕಲ್‌ನಲ್ಲಿ ಡೊಂಬಿವಲಿಗೆ ಹೋಗಿಬರುತ್ತಾ. ಅರ್ಧಕ್ಕೆ ಬಿಟ್ಟೆ. ಆಗ ನನ್ನ ಅಭಿಪ್ರಾಯವೂ ನಮ್ಮ ಕೂಟದ್ದೇ. ಅದಾಗಿ ಕೆಲವು ವರ್ಷಕ್ಕೆ ಅಪ್ಪ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡರು. ಮೂವತ್ತು ವರ್ಷ ಸಹಿ ಹಾಕಿದ ಕೈ. ಊರಿಂದ ಯಾರೇ ಬಂದರೂ ಸಾಲಕ್ಕೆ, ಕೆಲಸಕ್ಕೆ ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊರಗೆ ಬಂದ ಮೇಲೆ ಅವರು ಹಳೆಯ ಸಹೋದ್ಯೋಗಿಗಳ ಫೋನ್ ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸುತ್ತಿದ್ದರು. ಗೆಡ್ ಅವಿತುಕೊಂಡದ್ದನ್ನು ಎರಡನೆಯ ಸಲ ಓದಿದಾಗ ನನಗೆ ಅದು ಕಾಲ್ಪನಿಕ ಎನಿಸಲಿಲ್ಲ. ಅದಕ್ಕಿಂತ ಹೆಚ್ಚಾಗಿ ತಟ್ಟಿದ್ದು ಅಮ್ಮ. ಅಪ್ಪನ ಕಥೆ ಮುಗಿಯಿತೆಂದು ಮನೆಯೆಲ್ಲ ಸೂತಕ ಹಿಡಿದಂತಿದ್ದಾಗ ಅಮ್ಮ ಎಂದಿನಂತೆ ಐದಕ್ಕೆ ಎದ್ದು ನೀರು ಹಿಡಿಯುತ್ತಿದ್ದರು. ಅವರದ್ದೂ ಒಂದು ಕಥೆ ಅಷ್ಟು ವರ್ಷ ನಡೆಯುತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ನನ್ನ ಇಪ್ಪತ್ತೆರಡರ ನಿರೀಕ್ಷೆಯನ್ನು ಲೆ ಗ್ವಿನ್ ಪೂರೈಸಿದ್ದರೆ ಆ ಪುಸ್ತಕ ಇಂದು ನನ್ನ ಕಪಾಟಿನಲ್ಲಿ ಇರುತ್ತಿರಲಿಲ್ಲ.

ಮೂರನೆಯ ಆರೋಪ: ಕೊನೆ ಗಡಿಬಿಡಿಯದು. ಇದನ್ನು ಒಪ್ಪುತ್ತೇನೆ. ಟೆನಾರ್ ಮತ್ತು ಗೆಡ್ ಇಬ್ಬರನ್ನೂ ಮಂತ್ರದಲ್ಲಿ ಕಟ್ಟಿ ಅವಮಾನಿಸುವ ಆ ದುಷ್ಟ ಮಂತ್ರವಾದಿ ತೆಳ್ಳಗಿನ ಪಾತ್ರ. ಅವನ ದ್ವೇಷಕ್ಕೆ ಬೇರಿಲ್ಲ. ಮಗು ಕರೆದಾಗ ಡ್ರ್ಯಾಗನ್ ಬಂದು ಎಲ್ಲವನ್ನೂ ಸುಟ್ಟು ಮುಗಿಸುವುದು, ಮೊದಲಿಗೇ ಬರುವ ಡ್ರ್ಯಾಗನ್ ಹೆಂಗಸಿನ ಕಥೆಯಲ್ಲಿ ಅದಕ್ಕೆ ಬೀಜವಿದ್ದರೂ, ನಾಲ್ಕು ಪುಟ ಬೇಗ ಬಂತು. ಅಷ್ಟು ನಿಧಾನವಾಗಿ ಕಟ್ಟಿದ ಪುಸ್ತಕಕ್ಕೆ ಅದು ಸಲ್ಲದ ಅವಸರ. ಇದು ನ್ಯಾಯವಾದ ಟೀಕೆ, ಯಾಕೆಂದರೆ ಪುಸ್ತಕ ತನ್ನದೇ ನಡಿಗೆಗೆ ತಪ್ಪಿದ್ದನ್ನು ಅದು ಹೇಳುತ್ತದೆ. ‘ನಾನು ಅಂದುಕೊಂಡಂತೆ ಆಗಲಿಲ್ಲ’ ಎನ್ನುವುದು ಆ ಜಾತಿಯ ಟೀಕೆಯಲ್ಲ.

ಹಾಗಾದರೆ ಓದುಗರಿಗೆ ಕೇಳುವ ಹಕ್ಕೇ ಇಲ್ಲವೇ? ಖಂಡಿತ ಇದೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿ ನೋಡಿ. 2005ರ ನಾಲ್ಕನೆಯ ಪುಸ್ತಕದಲ್ಲಿ ಜಾನ್ ಸ್ನೋ, ಡೆನೇರಿಸ್, ಟಿರಿಯನ್ ಮೂವರ ಅಧ್ಯಾಯಗಳೂ ಇರಲಿಲ್ಲ. ಕೃತಿ ಉದ್ದವಾಯಿತು, ಎರಡಾಗಿ ಸೀಳಿದ್ದೇನೆ, ಉಳಿದದ್ದು ಮುಂದಿನ ವರ್ಷ ಬರಬಹುದು ಎಂಬ ಆಶಯದ ಟಿಪ್ಪಣಿ ಪುಸ್ತಕದ ಕೊನೆಯಲ್ಲೇ ಇತ್ತು. ಬಂದದ್ದು 2011ರಲ್ಲಿ. ಆರನೆಯದಕ್ಕೆ ಕಾಯುವಿಕೆ ಅಂದಿನಿಂದ ನಡೆದೇ ಇದೆ. ಒಬ್ಬ ಪಾತ್ರವನ್ನು ಇರಿದು ಹಿಮದಲ್ಲಿ ಬಿಟ್ಟು ಅಧ್ಯಾಯ ಮುಚ್ಚಿದವರು ಓದುಗನಿಗೆ ‘ಮುಂದೆ ಹೇಳುತ್ತೇನೆ’ ಎಂದು ಮಾತು ಕೊಟ್ಟಂತೆಯೇ. ಆ ಓದುಗ ಬೇಸರಪಟ್ಟರೆ ತಪ್ಪಿಲ್ಲ. ಲೇಖಕರ ಮೇಲೆ ಕೂಗಾಡುವುದು, ವಯಸ್ಸನ್ನು ಎಣಿಸುವುದು ಅಸಹ್ಯ. ಆದರೆ ಬಾಕಿಯನ್ನು ಬಾಕಿ ಎನ್ನುವುದು ಅಸಹ್ಯವಲ್ಲ.

ಕನ್ನಡದವರಾದ ನಮಗೆ ಈ ವ್ಯತ್ಯಾಸ ಹೊಸತಾಗಬಾರದು. ನಾವು ನಾವೆಲ್‌ಗೆ ಬಳಸುವ ಹೆಸರೇ ಅರ್ಧಕ್ಕೆ ನಿಂತ ಒಂದು ಅದ್ಭುತ ಕಥೆಯಿಂದ ಬಂದದ್ದು. ಬಾಣನ ಕಾದಂಬರಿ ನಾಯಕಿಯ ಅಳಲನ್ನು ಸಖಿ ವರದಿ ಮಾಡುತ್ತಿರುವಾಗಲೇ ನಿಂತುಹೋಗುತ್ತದೆ. ಮಗ ಅದನ್ನು ಮುಗಿಸಿದ. ಕವಿಯೆಂಬ ಗರ್ವದಿಂದಲ್ಲ, ಕಥೆ ನಿಂತದ್ದಕ್ಕೆ ಸಜ್ಜನರು ಪಡುವ ದುಃಖ ನೋಡಿ ಕೈ ಹಾಕಿದೆ ಎಂದು ಹೇಳಿಕೊಂಡ. ನಮ್ಮ ನಾಗವರ್ಮ ಕನ್ನಡಕ್ಕೆ ತಂದಾಗ ತಂದೆಯ ಭಾಗವನ್ನೂ ಮಗನ ಭಾಗವನ್ನೂ ಸೇರಿಸಿಯೇ ತಂದ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಮುಂದುವರಿಸಿದ. ಅಂದರೆ ಕಾದವರ ದುಃಖಕ್ಕೆ ನಮ್ಮಲ್ಲಿ ಬೆಲೆ ಇತ್ತು. ಆದರೆ ಕಥೆ ಹೀಗೇ ಸಾಗಬೇಕು ಎಂದು ಕಾದವರೇ ಬರೆದುಕೊಡುವ ಪದ್ಧತಿ ಇರಲಿಲ್ಲ.

ಈಗ ಆ ಪದ್ಧತಿ ಬಂದಿದೆ. ಪುಸ್ತಕ ಬರುವ ಎಷ್ಟೋ ಮೊದಲೇ ಯಾರು ಸಾಯುತ್ತಾರೆ, ಯಾರು ಯಾರ ಮಗ ಎಂದು ವಿಡಿಯೊಗಳು ಬರುತ್ತವೆ. ನಮ್ಮೊಳಗೆ ಒಂದು ಪುಸ್ತಕ ತಯಾರಾಗಿ ಕೂತಿರುತ್ತದೆ. ನಿಜವಾದ ಪುಸ್ತಕ ಬಂದಾಗ ಎರಡನ್ನೂ ಪಕ್ಕ ಪಕ್ಕ ಇಟ್ಟು ವ್ಯತ್ಯಾಸವಿದ್ದಷ್ಟು ನಕ್ಷತ್ರ ಕಳೆಯುತ್ತೇವೆ. ಇದರ ನಷ್ಟ ಲೇಖಕರಿಗಿಂತ ನಮಗೇ ಹೆಚ್ಚು. ಗೊತ್ತಿರುವುದನ್ನೇ ಮತ್ತೆ ಕೊಡು ಎಂದು ಕೇಳಿದರೆ ಅದೇ ಸಿಗುತ್ತದೆ. ಕೊಡಲು ಸಿದ್ಧರಿರುವವರಿಗೇನೂ ಕೊರತೆಯಿಲ್ಲ.

‘ತೆಹಾನು’ವಿಗೆ ನೆಬ್ಯುಲಾ ಪ್ರಶಸ್ತಿ ಬಂತು ಎಂಬುದನ್ನು ವಾದಕ್ಕೆ ಬಳಸುವುದಿಲ್ಲ. ಪ್ರಶಸ್ತಿ ಬಂದ ಕೆಟ್ಟ ಪುಸ್ತಕಗಳು ಬೇಕಾದಷ್ಟಿವೆ. ಅದರ ಮುಖಪುಟದ ಮೇಲೆ ಅರ್ತ್‌ಸೀಯ ಕೊನೆಯ ಪುಸ್ತಕ ಎಂದು ಬರೆಸಿದ್ದ ಲೆ ಗ್ವಿನ್, 2001ರಲ್ಲಿ ಮತ್ತೆರಡು ಪುಸ್ತಕ ಹೊರತಂದು, ಹಾಗೆಂದದ್ದು ತನ್ನ ತಪ್ಪು ಎಂದು ಒಪ್ಪಿಕೊಂಡರು ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಕಥೆ ಎಲ್ಲಿಗೆ ಹೋಗುತ್ತದೆ ಎಂಬ ವಿಷಯದಲ್ಲಿ ಆಕೆಯ ನಿರೀಕ್ಷೆಯೂ ಸುಳ್ಳಾಗಿತ್ತು.

ಮುಂದಿನ ತಿಂಗಳ ಕೂಟ ನಮ್ಮ ಮನೆಯಲ್ಲಿ. ಅದೇ ಪುಸ್ತಕವನ್ನು ಇನ್ನೊಮ್ಮೆ ಇಡುತ್ತೇನೆ ಎಂದು ಹೇಳಿದ್ದೇನೆ. ಇಬ್ಬರು ಬರುವುದಿಲ್ಲ ಎಂದಿದ್ದಾರೆ. ಬಂದವರು ಊಟದ ನಂತರ ತಟ್ಟೆ ಎತ್ತಿಟ್ಟು ಚರ್ಚೆಗೆ ಕೂತರೆ ಸಾಕು.