ಅಜ್ಜಿಯ ಒರಳು ಸಿಲೆಬಸ್ಸಿನಲ್ಲಿಲ್ಲ

"ಪಾಠ ಬಿಟ್ಟು ಕಾದಂಬರಿ ಓದಿಸುತ್ತೀರಂತೆ, ಹೌದೇನಮ್ಮ?" ಎಂದು ಶಾಲೆಯ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೇಳಿದಾಗ, ಮಕ್ಕಳಿಗೆ ಇಸ್ಪೀಟು ಕಲಿಸಿ ಸಿಕ್ಕಿಬಿದ್ದವಳ ಹಾಗೆ ನಾನು ತಡವರಿಸಿದೆ. ಅಂದು ಬಾಯಿಗೆ ಬಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದಿಷ್ಟು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಓದುಬಳಗ ನಡೆಸಿದೆ. ಮೊದಲ ಪುಸ್ತಕ ನಾ. ಡಿಸೋಜರ 'ದ್ವೀಪ'. ಶರಾವತಿಯ ನೀರು ಏರುತ್ತ ಏರುತ್ತ ಒಂದು ಸಂಸಾರವನ್ನು ಸುತ್ತುವರಿಯುವ ಕಥೆ. ಕಾಸರವಳ್ಳಿಯವರು 2002ರಲ್ಲಿ ಮಾಡಿದ ಸಿನಿಮಾವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಡಿಸೋಜರು ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದವರು. 2025ರ ಜನವರಿಯಲ್ಲಿ ತೀರಿಕೊಂಡರು.

ನಮ್ಮ ಮಕ್ಕಳಿಗೆ ಲಿಂಗನಮಕ್ಕಿ ಗೊತ್ತಿಲ್ಲವೆಂದಲ್ಲ. ಗರಿಷ್ಠ ಮಟ್ಟ 1819 ಅಡಿ ಎಂದು ಮಳೆಗಾಲದ ಪೇಪರು ಓದಿಯೇ ಬಾಯಿಪಾಠವಾಗಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ ಎಂದೂ ಬರೆಯಬಲ್ಲರು. ಆ ನೀರಿನಡಿ ಯಾರ ಒಲೆ ಇತ್ತು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೂರನೇ ಶನಿವಾರ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಮ್ಮಜ್ಜಿ ಹುಟ್ಟಿದ ಊರೂ ಮುಳುಗಿತ್ತಂತೆ. ನಿನ್ನೆ ರಾತ್ರಿ ಹೇಳಿದರು." ಹದಿನಾಲ್ಕು ವರ್ಷ ಅದೇ ಅಜ್ಜಿಯ ಪಕ್ಕದಲ್ಲಿ ಮಲಗಿದ ಹುಡುಗಿ! ಹೆಂಚು ಇಳಿಸಿದರಂತೆ, ಬಾಗಿಲು ಕಿತ್ತರಂತೆ, ದನ ಹೊಡೆದುಕೊಂಡು ಹೊರಟರಂತೆ. ನೆಲಕ್ಕೆ ಹೂತ ಒರಳು ಮಾತ್ರ ಮೇಲೇಳಲಿಲ್ಲವಂತೆ. ಅದನ್ನು ಅಜ್ಜಿಯ ತಾಯಿ ಹೊರಡುವ ದಿನವೂ ತೊಳೆದಿಟ್ಟು ಬಂದರಂತೆ. ಗಂಡಸರನ್ನು ಕೇಳಿದ್ದರೆ ಎಕರೆ, ಪರಿಹಾರದ ಲೆಕ್ಕ ಸಿಗುತ್ತಿತ್ತು. ಒರಳಿನ ಸುದ್ದಿ ಯಾರು ಹೇಳುತ್ತಿದ್ದರು?

ಮುಂದಿನ ವಾರ ಜಗಳವೇ ಆಯಿತು. ಒಬ್ಬ ಹುಡುಗನ ತಾತ ವಿದ್ಯುದಾಗಾರದಲ್ಲಿ ದುಡಿದವರು. "ಆ ಕರೆಂಟು ಇಲ್ಲದಿದ್ದರೆ ನಾಡಿಗೆ ಬೆಳಕೆಲ್ಲಿತ್ತು?" ಎಂದ. ಸರಿಯಾದ ಮಾತೇ. ಇನ್ನೊಬ್ಬ, "ನಮ್ಮಪ್ಪ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ" ಎಂದ. ಅದೂ ನಿಜ. ಕಾದಂಬರಿಯಲ್ಲಿರುವುದೆಲ್ಲ ನಡೆದದ್ದೇ ಎಂದು ನಂಬಬೇಡಿ, ಮನೆಯ ಹಿರಿಯರನ್ನು ಕೇಳಿ, ಲೈಬ್ರರಿಯಲ್ಲಿ ಹಳೆಯ ಪತ್ರಿಕೆ ನೋಡಿ ಎಂದು ಕಳಿಸಿದೆ. ಕಳಿಸಿದ್ದೇ ತಪ್ಪಾಯಿತು. ಹಕ್ಕುಪತ್ರದ ಮಾತು ಆಡಳಿತ ಮಂಡಳಿಯ ಕಿವಿಗೆ ಬಿತ್ತು. "ಶಾಲೆಯಲ್ಲಿ ರಾಜಕೀಯ ಬೇಡ."

ಪ್ಲಾಸಿ ಕದನ ರಾಜಕೀಯವಲ್ಲವೇ? ಅದರಲ್ಲಿದ್ದವರೆಲ್ಲ ಸತ್ತು ಮಣ್ಣಾಗಿದ್ದಾರೆ, ಯಾರೂ ಬಂದು ಲೆಕ್ಕ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಬದುಕಿರುವವರ ಇತಿಹಾಸ ಕೇಳಿದರೆ ನಮಗೆ ಹೆದರಿಕೆ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ತೆರೆದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಮೊಬೈಲಿನ ತುಂಬ ಅದರ ಫೋಟೋ. ಅಷ್ಟು ವರ್ಷ ಜನ ಲಾಂಚಿಗೆ ಕಾದು ನಿಂತದ್ದು ಯಾವ ನೀರಿನಿಂದಾಗಿ ಎಂಬ ಮಾತು ಮಾತ್ರ ಬರಲಿಲ್ಲ.

ತಾಯಂದಿರೂ ಬಂದು, "ಇದು ಎಸ್ಸೆಸ್ಸೆಲ್ಸಿಗೆ ಬರುತ್ತದೆಯೇ?" ಎಂದು ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳ ಪರೀಕ್ಷೆಯ ವರ್ಷ ನಾನೂ ಟೀವಿಗೆ ಬಟ್ಟೆ ಹೊದಿಸಿದವಳೇ. ಬರುವುದಿಲ್ಲ ತಾಯಿ, ಒಂದು ಮಾರ್ಕಿಗೂ ಬರುವುದಿಲ್ಲ. ವಾರಕ್ಕೆ ಒಂದು ಗಂಟೆ. ಟ್ಯೂಷನ್ನಿಗೆ ಕೊಡುವ ಹತ್ತು ಗಂಟೆಯ ನಡುವೆ ಅದೂ ಹೆಚ್ಚಾಯಿತೇ? ನಿಮ್ಮ ಅತ್ತೆಯೋ ಅಮ್ಮನೋ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದಾರಲ್ಲ, ಅವರನ್ನು ನೀವಾದರೂ ಒಮ್ಮೆ ಕೇಳಿದ್ದೀರಾ?

ಶಾಲೆಯ ಕೋಣೆಗೆ ಬೀಗ ಬಿತ್ತು. ಬಳಗ ಈಗ ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತದೆ. ಹನ್ನೊಂದರಲ್ಲಿ ಏಳು ಮಕ್ಕಳು ಉಳಿದಿದ್ದಾರೆ. ಈ ಶನಿವಾರ ಆ ಅಜ್ಜಿಯೇ ಬರುತ್ತಾರಂತೆ. ಮಂಡಿನೋವು, ಕೆಳಗೆ ಕೂರಲಾಗದು. ಪಕ್ಕದ ಮನೆಯಿಂದ ಕುರ್ಚಿ ತಂದಿಟ್ಟಿದ್ದೇನೆ.